ಹಾಲು ಬಟ್ಟಲಿಗೆ, ಡಬ್ಬಿಗಲ್ಲ

ಸಲೂನಿನ ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದವನಂತೆ ಬೇಕರಿಯವನು ಒಳಗೆ ನುಗ್ಗಿದ. ಎರಡೂ ಕೆನ್ನೆಗಳ ತುಂಬ ಕೆಂಪು ಗುಳ್ಳೆ.

"ನೋಡಪ್ಪಾ, ನಿನ್ನ ಹೆಂಡ್ತಿ ಪುಡಿಯ ಪ್ರತಾಪ! ಗಡ್ಡ ತೆಗೆಸೋಕೆ ಬಂದ್ರೆ ಮುಖಾನೇ ತೆಗೆದುಬಿಟ್ಟೆಯಲ್ಲ!"

ಕ್ಷೌರಿಕನ ಮುಖ ಸಣ್ಣದಾಯಿತು. ಈ ವಾರ ಹೀಗೆ ಬೈದವನು ಇವನೊಬ್ಬನೇ ಅಲ್ಲ. ಕನ್ನಡಿಯ ಮುಂದಿದ್ದ ಮುಖ ತೊಳೆಯುವ ಪುಡಿಯ ಡಬ್ಬಿ ಎತ್ತಿಕೊಂಡು ಸೀದಾ ಕಸದ ಬುಟ್ಟಿಯತ್ತ ನಡೆದ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಹೆಂಡತಿ ಬಂದಳು. ಕೈಯಲ್ಲಿ ಜರಡಿ, ಮೂಗಿನ ತುದಿಗೆ ಹಿಟ್ಟು.

"ಡಬ್ಬಿ ಕೆಳಗಿಡ್ರೀ!"

"ನಾಳೆಯಿಂದ ಅಂಗಡಿ ಕ್ರೀಮೇ ತರ್ತೀನಿ ಕಣೇ. ನಿನ್ನ ಪುಡಿ ಸಹವಾಸ ಸಾಕು."

"ಕಡಲೆಹಿಟ್ಟು, ಓಟ್ಸ್, ಅಷ್ಟೇ. ನಾನೇ ಪುಡಿ ಮಾಡಿ, ನಾನೇ ಜರಡಿ ಹಿಡಿದಿದ್ದು. ತಪ್ಪು ಎಲ್ಲಿದೆ ತೋರಿಸಿ, ನಾನೇ ಬಿಸಾಕ್ತೀನಿ. ಅಲ್ಲೀವರೆಗೂ ಮುಟ್ಟಿದ್ರೆ ಜೋಕೆ!"

ಅವಳು ಸ್ವಂತ ಕೈಯಿಂದ ಮಾಡಿ ಬೀದಿಯಲ್ಲಿ ಹೆಸರು ತೆಗೆದುಕೊಂಡಿದ್ದು ಈ ಪುಡಿಯೊಂದರಲ್ಲೇ. ಅದು ಕಸಕ್ಕೆ ಹೋದರೆ ಅವಳ ಹೆಸರೂ ಕಸಕ್ಕೆ. ಸುಮ್ಮನೆ ಬಿಟ್ಟಾಳೆಯೇ? ನರ್ಸ್ ಆಗಿದ್ದ ನಾದಿನಿಗೆ ಫೋನ್ ಮಾಡಿ ಕರೆಸಿಯೇಬಿಟ್ಟಳು.

ನಾದಿನಿ ಬಂದವಳೇ ಬೇಕರಿಯವನ ಕೆನ್ನೆ ನೋಡಿ, "ಇದಕ್ಕೆ ಇನ್ನೇನೂ ಬಳೀಬೇಡಿ, ಡಾಕ್ಟರಿಗೆ ತೋರಿಸಿ" ಎಂದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದಳು. ಹುಳಿ ವಾಸನೆ ಮೂಗಿಗೆ ಬಡಿಯಿತು. ಪುಡಿಯೆಲ್ಲ ಗಂಟುಗಂಟು.

"ಅತ್ತಿಗೆ, ಇದಕ್ಕೆ ಹಾಲು ಹಾಕಿದ್ರಾ?"

"ನಾನ್ಯಾಕೆ ಹಾಕ್ಲಿ? ಹಚ್ಚೋವಾಗ ಬಟ್ಟಲಲ್ಲಿ ಹಾಲು ಹಾಕಿ ಕಲಸ್ಕೊಳ್ಳಿ ಅಂತ ಹೇಳಿ ಒಣಪುಡಿನೇ ಕೊಟ್ಟಿದ್ದೆ."

ಇಬ್ಬರೂ ಒಟ್ಟಿಗೆ ಕ್ಷೌರಿಕನತ್ತ ತಿರುಗಿದರು. ಅವನು ಒರೆಸಿದ ಕತ್ತರಿಯನ್ನೇ ಮತ್ತೆ ಒರೆಸತೊಡಗಿದ.

"ಬಟ್ಟಲಲ್ಲಿ ಮಿಕ್ಕಿದ್ದನ್ನ ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಡಬ್ಬಿಗೇ ಹಾಕ್ತಿದ್ದೆ. ಹಾಲು ತಾನೇ?"

"ಅಯ್ಯೋ ಅಣ್ಣಾ! ಹೊರಗಿಟ್ಟ ಹಾಲು ಕೆಡಲ್ವಾ? ಡಬ್ಬಿಯೊಳಗೂ ಕೆಡುತ್ತೆ. ಹಿಟ್ಟಿಗೆ ಪಸೆ ಸಿಕ್ಕಿದ್ರೆ ರೋಗಾಣು ಬೆಳೆಯುತ್ತೆ. ಅದರ ಮೇಲೆ ಒಬ್ಬರ ಮುಖಕ್ಕೆ ತಾಗಿದ್ದನ್ನ ಇನ್ನೊಬ್ಬರ ಮುಖಕ್ಕೆ!"

"ಹಾಗಾದ್ರೆ ಹಾಲೇ ಬೇಡ ಅಂತೀಯಾ?" ಹೆಂಡತಿ ಸೆಟೆದು ನಿಂತಳು.

"ಎಲ್ಲಿ ಬೇಡ ಅಂದೆ? ಒಬ್ಬರಿಗೆ ಬೇಕಾದಷ್ಟೇ ಪುಡೀನ ಒಣ ಚಮಚದಲ್ಲಿ ತೆಗೀರಿ. ಕಾಯಿಸಿ ಆರಿಸಿದ ಹಾಲಲ್ಲಿ ಆಗಲೇ ಕಲಸಿ, ಆಗಲೇ ಹಚ್ಚಿ, ಮಿಕ್ಕಿದ್ದು ಚೆಲ್ಲಿ. ಬಟ್ಟಲು ತೊಳೀರಿ. ಹಾಲು ಒಗ್ಗದವರಿಗೆ ನೀರು ಸಾಕು. ಹೊಸಬರಾದ್ರೆ ಮೊದಲು ಮೊಣಕೈ ಒಳಮಡಿಕೇಲಿ ಚೂರು ಹಚ್ಚಿ, ಒಂದು ದಿನ ಬಿಟ್ಟು ನೋಡಿ."

ಹೆಂಡತಿ ಡಬ್ಬಿಯನ್ನು ಗಂಡನ ಕಣ್ಣೆದುರೇ ಬುಟ್ಟಿಗೆ ಬಗ್ಗಿಸಿದಳು. "ನೋಡ್ಕೊಳ್ಳಿ, ಹೇಳಿದ ಹಾಗೆ ನಾನೇ ಬಿಸಾಕ್ತಿದ್ದೀನಿ. ನನ್ನ ಪುಡೀನಲ್ಲ, ನಿಮ್ಮ ಜಿಪುಣತನಾನ!"

ಡಬ್ಬಿ ತೊಳೆದು, ಬಿಸಿಲಿಗೆ ಒಣಗಿಸಿ, ಹೊಸ ಪುಡಿ ತುಂಬಿದಳು. ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಬರೆದಳು: ಹಾಲು ಬಟ್ಟಲಿಗೆ, ಡಬ್ಬಿಗಲ್ಲ. ಕ್ಷೌರಿಕ ಅದನ್ನು ಗಿರಾಕಿಗಳಿಗೆಲ್ಲ ತಾನೇ ಓದಿ ಹೇಳತೊಡಗಿದ. ಕೆನ್ನೆ ವಾಸಿಯಾದ ಬೇಕರಿಯವನೂ ಒಂದು ದಿನ ಬಂದು ಕುಳಿತ. "ಮೊದಲು ಮೊಣಕೈಗೆ ಹಚ್ಚಪ್ಪಾ, ಮುಖದ ಮಾತು ನಾಳೆ" ಎಂದ.

ನಿಮ್ಮ ಮನೆಯಲ್ಲೂ ಅಂಥದೊಂದು ಡಬ್ಬಿ ಇದೆಯೇ? ಎದ್ದು ಹೋಗಿ ಮೂಸಿ ನೋಡಿ. ಹುಳಿ ವಾಸನೆ ಬಂದರೆ, ಗಂಟು ಕಟ್ಟಿದ್ದರೆ ಮುಲಾಜಿಲ್ಲದೆ ಚೆಲ್ಲಿ. ಮನೆಯ ಪುಡಿ ಎಂದು ಮೂಗು ಮುರಿಯುವವರು ಮುರಿಯಲಿ ಬಿಡಿ. ನೀವು ಮಾತ್ರ ಪುಡಿಯನ್ನು ಒಣದಾಗಿ ಇಟ್ಟುಕೊಂಡು, ತಲೆ ಎತ್ತಿ ಹಚ್ಚಿಕೊಳ್ಳಿ.