ವಾರ್ಡಮ್ಮನ ಒಗೆತದ ಪಟ್ಟಿ

ಸೊಸೆಯ ಬೆರಳುಗಳಿಗೆ ಗೆರೆಗಳಿರಲಿಲ್ಲ. ಒಂದೇ ಮನೆಯಲ್ಲಿ ಆರು ವರ್ಷ ಕಳೆದಿದ್ದರೂ ಅತ್ತೆ ಅದನ್ನು ಗಮನಿಸಿರಲಿಲ್ಲ. ಅವಳು ನೋಡುತ್ತಿದ್ದುದು ಬಟ್ಟೆಯನ್ನು.

ಅತ್ತೆಯನ್ನು ಬೀದಿಯವರೆಲ್ಲ ವಾರ್ಡಮ್ಮ ಎನ್ನುತ್ತಿದ್ದರು. ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ದುಡಿದು, ಕೊನೆಯ ಹತ್ತೊಂಬತ್ತು ವರ್ಷ ಮಕ್ಕಳ ವಾರ್ಡನ್ನು ನಡೆಸಿ ನಿವೃತ್ತಳಾದ ನರ್ಸು. ಕೆಲಸ ಬಿಟ್ಟರೂ ವಾರ್ಡು ಅವಳನ್ನು ಬಿಟ್ಟಿರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಅವಳದೇ ಅಕ್ಷರದಲ್ಲಿ ಒಂದು ಪಟ್ಟಿ ಅಂಟಿತ್ತು. ಟವೆಲ್, ದಿಂಬಿನ ಕವರ್, ಮೈಮೇಲೆ ಹಾಕಿದ ಪ್ರತಿಯೊಂದು ಬಟ್ಟೆ ದಿನಾ. ಬೆಡ್‌ಶೀಟು ದಿನ ಬಿಟ್ಟು ದಿನ. ಕಿಟಕಿ ಪರದೆ ವಾರಕ್ಕೊಮ್ಮೆ. ಕಾಲೊರಸು, ಕುರ್ಚಿಯ ಹೊದಿಕೆ, ಟಿವಿ ಮೇಲಿನ ಬಟ್ಟೆ, ಎಲ್ಲಕ್ಕೂ ವಾರ ಗೊತ್ತಾಗಿತ್ತು. ಕೊನೆಯ ಸಾಲು ಕೆಂಪು ಶಾಯಿಯದು: ಕೈಯಲ್ಲೇ ಒಗೆಯತಕ್ಕದ್ದು.

ವಾಷಿಂಗ್ ಮೆಷಿನ್ ಇತ್ತು. ಮದುವೆಯಾದ ವರ್ಷ ಮಗ ತಂದದ್ದು. "ಕೊಳೇನ ಅದೇ ನೀರಲ್ಲಿ ಗಿರಗಿರ ತಿರುಗಿಸೋದು ಒಗೆಯೋದಾ?" ಎಂದು ವಾರ್ಡಮ್ಮ ಅದರ ಮೇಲೆ ಹಿಟ್ಟಿನ ಡಬ್ಬ ಇಡಿಸಿದ್ದಳು. ರಬ್ಬರ್ ಗ್ಲೌಸೂ ಒಂದು ವಾರ ಬಂದು ಹೋಗಿತ್ತು. ಗ್ಲೌಸ್ ಹಾಕಿದರೆ ಕಾಲರಿನ ಜಿಡ್ಡು ಬೆರಳಿಗೆ ಸಿಗುವುದಿಲ್ಲ ಎಂಬುದು ಅದಕ್ಕೆ ಅವಳು ಕೊಟ್ಟ ಕಾರಣ.

ಸೊಸೆ ಬೆಳಗ್ಗೆ ಐದಕ್ಕೆ ಎದ್ದು ಒಗೆದು ಹರವಿ, ಎಂಟಕ್ಕೆ ಮಾತ್ರೆ ಕಾರ್ಖಾನೆಗೆ ಹೋಗುತ್ತಿದ್ದಳು. ಮಾತ್ರೆಗಳನ್ನು ಎಣಿಸಿ ಡಬ್ಬಿಗೆ ತುಂಬುವ ಕೆಲಸ. ಸೇರಿ ಐದು ತಿಂಗಳಾಗಿತ್ತು. ಆರು ತಿಂಗಳಾದರೆ ಕಾಯಂ.

ಅಂಥದರಲ್ಲಿ ಒಂದು ದಿನ ಕಾರ್ಖಾನೆಯಿಂದ ಕಾಗದ ಬಂತು. ಸೊಸೆ ಮನೆಯಲ್ಲಿರಲಿಲ್ಲ. ವಾರ್ಡಮ್ಮ ಒಡೆದು ಓದಿದಳು. ಈ ತಿಂಗಳಲ್ಲಿ ಹನ್ನೊಂದು ದಿನ ಗೈರುಹಾಜರಿ, ಹೀಗೇ ಮುಂದುವರಿದರೆ ಕೆಲಸ ಕಾಯಂ ಆಗುವುದಿಲ್ಲ ಎಂದು ಬರೆದಿತ್ತು.

ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬಿತ್ತು.

"ದಿನಾ ಬುತ್ತಿ ಕಟ್ಕೊಂಡು ಹೋಗ್ತೀಯಲ್ಲ, ಎಲ್ಲಿಗಮ್ಮಾ?"

ಸೊಸೆ ಕಾಗದ ನೋಡಿದಳು. "ಕೆಲಸಕ್ಕೇ, ಅತ್ತೆ. ಗೇಟಲ್ಲಿ ಮೆಷಿನ್ ಹಾಕಿದಾರೆ. ಮೊದಲು ಪುಸ್ತಕದಲ್ಲಿ ಸಹಿ ಇತ್ತು, ಈಗ ಬೆರಳು ಒತ್ತಬೇಕು. ನನ್ನ ಬೆರಳು ಅದಕ್ಕೆ ಹಿಡಿಸ್ತಿಲ್ಲ."

"ಊರೋರ ಬೆರಳೆಲ್ಲ ಹಿಡಿಸುತ್ತೆ, ನಿಂದೊಂದು ಹಿಡಿಸಲ್ವಾ?"

"ನಾನೇನು ಸುಳ್ಳು ಹೇಳ್ತಿದೀನಾ? ನಾಳೆ ನೀವೇ ಬನ್ನಿ."

ಮಗ ಬಸ್ಸಿನ ಡ್ರೈವರ್. ಎರಡು ಗಾಡಿ ಎದುರಾದಾಗ ಪಕ್ಕಕ್ಕೆ ಸರಿದು ನಿಲ್ಲುವುದು ಅವನಿಗೆ ಅಭ್ಯಾಸ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾರನೆಯ ದಿನ ವಾರ್ಡಮ್ಮ ನಿಜಕ್ಕೂ ಹೊರಟಳು. ಕಾರ್ಖಾನೆಯ ಗೇಟಿನಲ್ಲಿ ಎದೆಯೆತ್ತರಕ್ಕೆ ಒಂದು ಪುಟ್ಟ ಕಪ್ಪು ಪೆಟ್ಟಿಗೆ. ಸಾಲಿನಲ್ಲಿ ಬಂದವರು ಒಬ್ಬೊಬ್ಬರಾಗಿ ಬೆರಳಿಟ್ಟರು, ಹಸಿರು ದೀಪ ಹತ್ತಿತು, ಒಳಗೆ ಹೋದರು. ಸೊಸೆ ಹೆಬ್ಬೆರಳಿಟ್ಟಳು.

"ಬೆರಳು ಇಡಿ," ಎಂದಿತು ಪೆಟ್ಟಿಗೆ.

ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ಬೇರೆ ಬೆರಳು, ಬೇರೆ ಕೈ. ಹತ್ತೂ ಮುಗಿದವು. ಪ್ರತಿ ಸಲವೂ ಅದೇ ಮಾತು.

ಗೇಟಿನ ಕಾವಲುಗಾರ ಮಾತಿನ ಮಲ್ಲ. "ಅಮ್ಮಾ, ಅಕ್ಕ ಬಂದಿದಾರೆ ಅಂತ ನಂಗೊತ್ತು, ನಿಮಗೊತ್ತು. ಈ ಡಬ್ಬಕ್ಕೊಂದು ಗೊತ್ತಾಗಲ್ಲ. ಒಳಗೆ ಬಿಡ್ತೀನಿ, ಕೆಲಸ ಮಾಡ್ತಾರೆ, ಆದ್ರೆ ಲೆಕ್ಕದಲ್ಲಿ ಇವರು ಬಂದೇ ಇಲ್ಲ."

"ಡಬ್ಬ ಕೆಟ್ಟಿರಬೇಕು."

"ನೀವೇ ಇಟ್ಟು ನೋಡಿ ಮತ್ತೆ."

ವಾರ್ಡಮ್ಮ ಹೆಬ್ಬೆರಳಿಟ್ಟಳು. ಕೆಂಪು ದೀಪ ಹತ್ತಿತು. "ಹೆಸರು ದಾಖಲಾಗಿಲ್ಲ," ಎಂದಿತು ಪೆಟ್ಟಿಗೆ.

"ಕೇಳಿದ್ರಾ?" ಎಂದ ಕಾವಲುಗಾರ. "ನಿಮ್ಮ ಬೆರಳು ಅದಕ್ಕೆ ಕಾಣಿಸ್ತು, ಹೆಸರು ಮಾತ್ರ ಗೊತ್ತಿಲ್ಲ. ಅಕ್ಕಂದು ಬೆರಳೇ ಇಲ್ಲ ಅನ್ನುತ್ತೆ. ಅರವತ್ತು ದಾಟಿದ್ರೂ ನಿಮ್ಮ ಗೆರೆ ಹೊಸ ನೋಟಿನ ಥರ ಇದೆ ನೋಡಿ. ಏನು ಕೆಲಸ ಮಾಡ್ತಿದ್ರಿ ಅಮ್ಮಾ?"

ವಾರ್ಡಮ್ಮ ಸೊಸೆಯ ಕೈ ಹಿಡಿದು, ವೈದ್ಯರ ಕೋಣೆ ಯಾವ ಕಡೆ ಎಂದು ಕೇಳಿದಳು.

ಕಾರ್ಖಾನೆಯ ವೈದ್ಯೆ ಸೊಸೆಯ ಕೈಯನ್ನು ದೀಪದ ಕೆಳಗೆ ಹಿಡಿದು ನೋಡಿದಳು. ಕೇಳಿದ್ದು ಎರಡೇ ಪ್ರಶ್ನೆ. "ದಿನಕ್ಕೆ ಎಷ್ಟು ಬಟ್ಟೆ ಒಗೀತೀರಿ?"

"ಇಪ್ಪತ್ತು, ಇಪ್ಪತ್ತೈದು."

"ಮನೇಲಿ ಎಷ್ಟು ಜನ?"

"ನಾಲ್ಕು. ಅದರಲ್ಲಿ ಒಂದು ಮಗು."

ವೈದ್ಯೆ ಪೆನ್ನು ಕೆಳಗಿಟ್ಟು ವಾರ್ಡಮ್ಮನ ಕಡೆ ನೋಡಿದಳು. "ಒಂದು ತಿಂಗಳು ಈ ಕೈ ಸೋಪು ಮುಟ್ಟಬಾರದು. ಚರ್ಮ ಮತ್ತೆ ಬೆಳೆಯುತ್ತೆ, ಗೆರೆಯೂ ಬರಬಹುದು. ಎಲ್ಲಾ ಬೆರಳಿಗೂ ಬರುತ್ತೆ ಅಂತ ಬರೆದುಕೊಡೋಕೆ ಆಗಲ್ಲ."

ವೈದ್ಯೆಯ ಚೀಟಿ ನೋಡಿ ಕಚೇರಿಯವರು ಒಂದು ತಿಂಗಳ ಮಟ್ಟಿಗೆ ಸಹಿ ಪುಸ್ತಕ ಕೊಟ್ಟರು. ಹಳೆಯ ಹನ್ನೊಂದು ದಿನ ಸೇರುವುದಿಲ್ಲ ಎಂದರು. ತಿಂಗಳ ಕೊನೆಗೆ ಒಂದು ಬೆರಳಾದರೂ ದಾಖಲಾಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ.

ಆ ರಾತ್ರಿ ಊಟದ ಹೊತ್ತಿಗೆ ಮಾತು ಎದ್ದಿತು.

"ಪಟ್ಟಿ ಸ್ವಲ್ಪ ಕಡಿಮೆ ಮಾಡಣ ಅತ್ತೆ," ಎಂದಳು ಸೊಸೆ. "ಮೆಷಿನ್ನಿಗೆ ಹಾಕಣ. ಒಂದು ಸಲ ಉಟ್ಟಿದ್ದೆಲ್ಲ ಕೊಳೆ ಆಗಿರಲ್ಲ."

"ನೀನು ಎಷ್ಟು ಕೂಸು ಸತ್ತಿದ್ದು ನೋಡಿದೀಯ?" ವಾರ್ಡಮ್ಮನ ದನಿ ಏರಲಿಲ್ಲ. "ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದೇ ವಾರದಲ್ಲಿ ಮೂರು ಹೋದವು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ಬೆಡ್‌ಶೀಟು. ಸರಿಯಾಗಿ ಒಗೆದಿರಲಿಲ್ಲ. ಆ ಪಟ್ಟಿ ನಾನು ಚಂದಕ್ಕೆ ಬರೆದಿದ್ದಲ್ಲ."

ಮೂರು ಕೂಸುಗಳ ವಿಷಯ ಸೊಸೆ ಆರು ವರ್ಷದಲ್ಲಿ ಇದೇ ಮೊದಲ ಸಲ ಕೇಳಿದ್ದು.

"ಅದು ಆಸ್ಪತ್ರೆ, ಅತ್ತೆ. ಇಲ್ಲಿ ಯಾರು ಹಾಸಿಗೆ ಹಿಡಿದಿದಾರೆ? ಟಿವಿ ಮೇಲಿನ ಬಟ್ಟೆಗೆ ಯಾವ ಜ್ವರ ಬಂದಿದೆ?"

ಮೊಮ್ಮಗಳು ಕಿಸಕ್ಕನೆ ನಕ್ಕಳು. ಮಗನಿಗೂ ನಗು ಬಂತು, ನೀರು ಕುಡಿದು ನುಂಗಿಕೊಂಡ.

"ಪಟ್ಟಿ ಹಾಗೇ ಇರುತ್ತೆ," ಎಂದಳು ವಾರ್ಡಮ್ಮ. "ಒಂದು ತಿಂಗಳು ನಾನೇ ಒಗೀತೀನಿ."

ಮೊದಲ ದಿನ ಇಪ್ಪತ್ತಮೂರು ಬಟ್ಟೆ. ವಾರ್ಡಮ್ಮ ಸೊಂಟಕ್ಕೆ ಸೆರಗು ಬಿಗಿದು ಕಲ್ಲಿನ ಮುಂದೆ ಕೂತಳು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಅವಳು ಸಾವಿರಾರು ಬೆಡ್‌ಶೀಟು ಎಣಿಸಿದ್ದಳು, ಕಲೆ ಹುಡುಕಿ ವಾಪಸು ಕಳಿಸಿದ್ದಳು. ಒಂದನ್ನೂ ಒಗೆದಿರಲಿಲ್ಲ. ಒಗೆಯುವವರು ಕೆಳಗಿನ ಉಗಿ ಕೋಣೆಯಲ್ಲಿದ್ದರು. ಮನೆಯಲ್ಲಿ ಮೊದಲು ಒಬ್ಬ ಕೆಲಸದಾಕೆ, ಆಮೇಲೆ ಸೊಸೆ. ಹತ್ತನೆಯ ಬಟ್ಟೆಗೆ ಸೊಂಟ ಹಿಡಿಯಿತು.

ಎರಡನೆಯ ದಿನ ಬೆರಳ ಸಂದಿ ಉರಿಯತೊಡಗಿತು. ಬ್ರಷ್ ಕೆಳಗಿಟ್ಟು ಬೆರಳಿಗೆ ಬಾಯಿಂದ ಗಾಳಿ ಊದಿಕೊಳ್ಳುತ್ತಿದ್ದಾಗ ಉಗಿ ಕೋಣೆಯ ಮುದುಕಿ ನೆನಪಾದಳು. ತಿಂಗಳ ಕೊನೆಗೆ ಸಂಬಳದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಲು ಮೇಲೆ ಬರುತ್ತಿದ್ದಳು. ಒತ್ತಿದ್ದು ಪ್ರತಿ ಸಲವೂ ಬರೀ ಕಪ್ಪು ಬೊಟ್ಟಾಗುತ್ತಿತ್ತು. "ಶಾಯಿ ಕಡಿಮೆ ಹಚ್ಕೊಳ್ಳೇ," ಎಂದು ವಾರ್ಡಮ್ಮ ಗದರುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಮುದುಕಿಯೂ ನಗುತ್ತಿದ್ದಳು. ಅದು ಶಾಯಿಯ ತಪ್ಪಾಗಿರಲಿಲ್ಲ.

ಆದರೂ ಅವಳು ನಿಲ್ಲಿಸಲಿಲ್ಲ. ಆಡಿದ ಮಾತನ್ನು ನುಂಗಿ ಅವಳಿಗೆ ರೂಢಿಯಿರಲಿಲ್ಲ.

ಐದನೆಯ ದಿನ ಹೊರಕೋಣೆಯ ಮಂಚದ ಬೆಡ್‌ಶೀಟಿನ ಸರದಿ ಮತ್ತೆ ಬಂತು. ನೀಲಿ ಅಂಚಿನ ಬಿಳಿಯದು. ಸೋಪು ಹಾಕುವ ಮೊದಲು ಕಲೆ ಹುಡುಕಿದಳು, ಹಳೆಯ ಅಭ್ಯಾಸ. ಕಲೆ ಇರಲಿಲ್ಲ. ಮೂಸಿ ನೋಡಿದಳು. ಮೊನ್ನೆಯ ಸೋಪಿನ ವಾಸನೆ. ವಾರ್ಡಿನಲ್ಲಾಗಿದ್ದರೆ ಅವಳು ಕೇಳುತ್ತಿದ್ದ ಮೊದಲ ಪ್ರಶ್ನೆ, ಈ ಹಾಸಿಗೆಯಲ್ಲಿ ಯಾರಿದ್ದರು, ಏನು ಕಾಯಿಲೆ ಎಂಬುದು. ಈಗ ಅದನ್ನೇ ಕೇಳಿಕೊಂಡಳು. ಯಾರೂ ಇರಲಿಲ್ಲ. ಕೊನೆಗೆ ಮಲಗಿದ್ದವನು ಅವಳ ತಮ್ಮ, ಎರಡು ವರ್ಷದ ಹಿಂದೆ, ಎರಡು ರಾತ್ರಿ. ಅಲ್ಲಿಂದೀಚೆಗೆ ಯಾರೂ ಮಲಗದ ಮಂಚದ ಬೆಡ್‌ಶೀಟನ್ನು ಸೊಸೆ ಮುನ್ನೂರ ಅರವತ್ತು ಚಿಲ್ಲರೆ ಸಲ ಒಗೆದಿದ್ದಳು.

ವಾರ್ಡಮ್ಮ ಅದನ್ನೂ ಒಗೆದಳು. ಹಿಂಡುವಾಗ ಅದು ಕೈಯಲ್ಲೇ ಪರ್ರನೆ ಹರಿಯಿತು.

ಎರಡು ಭಾಗವನ್ನು ಎರಡು ಕೈಯಲ್ಲಿ ಬೆಳಕಿಗೆ ಹಿಡಿದಳು, ಬಟ್ಟೆ ಸವೆದು ಆಚೆಯದು ಕಾಣುತ್ತಿತ್ತು. ಎದ್ದು ಒಳಗೆ ಹೋಗಿ, ಒದ್ದೆ ಕೈಯಲ್ಲೇ ಬಾಗಿಲ ಹಿಂದಿನ ಪಟ್ಟಿಯನ್ನು ಕಿತ್ತಳು.

ಹೊಸ ಪಟ್ಟಿ ಬರೆಯಲು ಎರಡು ದಿನ ಹಿಡಿಯಿತು. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ಮೂಸಿ, ಮುಟ್ಟಿ ನೋಡಿ ಬರೆದಳು. ಒಳಬಟ್ಟೆ, ಕಾಲುಚೀಲ, ಅಡುಗೆಮನೆಯ ಒರೆಸುವ ಬಟ್ಟೆ ದಿನಾ. ಇದರಲ್ಲಿ ರಾಜಿಯಿಲ್ಲ. ಟವೆಲ್ ಒಣಗಿಸಿಕೊಂಡು ಮೂರು ನಾಲ್ಕು ದಿನ. ಬೆಡ್‌ಶೀಟು ವಾರಕ್ಕೊಮ್ಮೆ. ಯಾರೂ ಮಲಗದ್ದಕ್ಕೆ ಯಾರಾದರೂ ಮಲಗಿದ ಮೇಲೆ. ಪರದೆ ಆರು ತಿಂಗಳಿಗೊಮ್ಮೆ, ನಡುವೆ ಕೊಡವಿದರೆ ಸಾಕು. ಯಾರಿಗಾದರೂ ಜ್ವರ ಬಂದರೆ ಹಳೆಯ ಪಟ್ಟಿ. ಕೆಂಪು ಶಾಯಿಯ ಸಾಲು ಇರಲಿಲ್ಲ. ಹಿಟ್ಟಿನ ಡಬ್ಬ ಮೆಷಿನ್ ಮೇಲಿಂದ ಇಳಿದು ಗೂಡು ಸೇರಿತು.

ಮಲಗುವ ಕೋಣೆಯ ಗೋಡೆಗೆ ಮಗನಿಂದ ಸಾಲಾಗಿ ನಾಲ್ಕು ಗೂಟ ಹೊಡೆಸಿದಳು, ಒಬ್ಬೊಬ್ಬರಿಗೆ ಒಂದು. ಒಂದು ಸಲ ಹಾಕಿಯೂ ಕೊಳೆಯಾಗದ ಬಟ್ಟೆಗೆ ಆ ಜಾಗ.

"ಅಮ್ಮಾ, ಈ ಪ್ಯಾಂಟು ಗೂಟಕ್ಕಾ, ಮೆಷಿನ್ನಿಗಾ?" ಮಗ ಬಾಗಿಲಲ್ಲಿ ನಿಂತು ಕೇಳಿದ.

"ಮೂಗಿಲ್ವಾ ನಿಂಗೆ? ಮೂಸಿ ನೋಡು."

"ನನ್ನ ಮೂಗಿಗೆ ಡೀಸೆಲ್ಲು ಬಿಟ್ಟು ಬೇರೇನೂ ಬರಲ್ಲ."

"ಹಾಗಾದ್ರೆ ಮೆಷಿನ್ನಿಗೆ ಹಾಕು. ಸ್ವಿಚ್ಚೂ ನೀನೇ ಒತ್ತು. ಪಾತ್ರೆ ತೊಳೆಯೋದೂ ಇವತ್ತಿಂದ ನಿಂದೇ, ಅವಳ ಕೈ ಸೋಪು ಮುಟ್ಟೋ ಹಾಗಿಲ್ಲ."

ಈ ಸಲ ಪಕ್ಕಕ್ಕೆ ಸರಿದು ನಿಲ್ಲಲು ಅವನಿಗೆ ಜಾಗವಿರಲಿಲ್ಲ.

ದಿನಾ ಊಟವಾದ ಮೇಲೆ ವಾರ್ಡಮ್ಮ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಸೊಸೆಯ ಎದುರು ಕೂರುತ್ತಿದ್ದಳು. "ಕೈ ತಾ" ಎನ್ನುತ್ತಿದ್ದಳು. ಹತ್ತೂ ಬೆರಳಿಗೆ ಎಣ್ಣೆ ಹಚ್ಚಿ, ಕನ್ನಡಕ ಏರಿಸಿ ಒಂದೊಂದನ್ನೇ ದೀಪಕ್ಕೆ ಹಿಡಿದು ನೋಡುತ್ತಿದ್ದಳು.

"ಬಂತಾ ಅತ್ತೆ?"

"ಕಿರುಬೆರಳಲ್ಲಿ ಏನೋ ಇದೆ. ಅಲ್ಲಾಡಿಸಬೇಡ."

ಆ ತಿಂಗಳು ಮನೆಯಲ್ಲಿ ಯಾರಿಗೂ ಕಾಯಿಲೆ ಬರಲಿಲ್ಲ. ವಾರ್ಡಮ್ಮ ದಿನಾ ಬೆಳಗ್ಗೆ ಮೊಮ್ಮಗಳ ಹಣೆ ಮುಟ್ಟಿ ನೋಡುವುದನ್ನು ಮಾತ್ರ ಬಿಡಲಿಲ್ಲ.

ಇಪ್ಪತ್ತೆಂಟನೆಯ ದಿನ ಕಚೇರಿಯವರು ಗೇಟಿನ ಪೆಟ್ಟಿಗೆಯಲ್ಲಿ ಹೊಸ ಬೆರಳು ದಾಖಲಿಸುವ ಗುಂಡಿ ಒತ್ತಿದರು, ಸೊಸೆ ಬಲ ಹೆಬ್ಬೆರಳಿಟ್ಟಳು. "ಬೆರಳು ಇಡಿ." ತೋರುಬೆರಳಿಟ್ಟಳು. "ಬೆರಳು ಇಡಿ." ಸಾಲಿನಲ್ಲಿದ್ದವರು ಗೊಣಗಿದರು. ಎಡಗೈಯ ನಡುಬೆರಳಿಟ್ಟಾಗ ಪೆಟ್ಟಿಗೆ ಸ್ವಲ್ಪ ತಡೆದು ಹಸಿರು ದೀಪ ಹತ್ತಿಸಿತು.

"ಅಬ್ಬಾ, ಕೊನೆಗೂ ಬಂದ್ರಾ ಅಕ್ಕಾ ಕೆಲಸಕ್ಕೆ!" ಎಂದ ಕಾವಲುಗಾರ.

ಮುಂದಿನ ತಿಂಗಳು ಕೆಲಸ ಕಾಯಂ ಆಯಿತು. ವೈದ್ಯೆ ಇನ್ನೊಮ್ಮೆ ಕೈ ನೋಡಿ, ಎಂಟು ಬೆರಳಿಗೆ ಗೆರೆ ಬಂತು, ಬಲಗೈಯ ಹೆಬ್ಬೆರಳು, ತೋರುಬೆರಳಿಗೆ ಇನ್ನು ಬರಲಿಕ್ಕಿಲ್ಲ ಎಂದಳು.

ವಾರ್ಡಿನಲ್ಲಿ ತಿಂಗಳ ಕೊನೆಗೆ ನಷ್ಟದ ಲೆಕ್ಕ ಬರೆಯುವ ಪದ್ಧತಿಯಿತ್ತು. ಹರಿದದ್ದೆಷ್ಟು, ಕಳೆದದ್ದೆಷ್ಟು, ಕೆಳಗೆ ಹೊಣೆಯಾದವರ ಸಹಿ. ಆ ಸಂಜೆ ವಾರ್ಡಮ್ಮ ಹೊಸ ಪಟ್ಟಿಯ ಅಡಿಯಲ್ಲಿ ಒಂದು ಗೆರೆ ಎಳೆದು ನಷ್ಟ ಬರೆದು ತನ್ನ ಸಹಿ ಹಾಕಿದಳು. ಬೆಡ್‌ಶೀಟು ಒಂದು. ಹಾಜರಿ ಹನ್ನೊಂದು ದಿನ. ಬೆರಳು ಎರಡು.