ಕಿಟಕಿಯ ಹಳದಿ ಹೊದಿಕೆ

ಕಾರು ಓಟದ ದಿನ ಬೆಳಗಾಗುತ್ತಲೇ ಫಿಲೊಮೆನ್ ಮನೆಯಲ್ಲಿದ್ದ ಹಳದಿ ಬಟ್ಟೆಯನ್ನೆಲ್ಲ ಹುಡುಕಿ ತೆಗೆದು ಮಹಡಿಯ ಬೀರುವಿನಲ್ಲಿಟ್ಟಳು. ಹಾಸಿಗೆಯ ಹೊದಿಕೆ, ಪಾತ್ರೆ ಒರೆಸುವ ಬಟ್ಟೆ, ಕೊನೆಗೆ ತನ್ನ ತಲೆವಸ್ತ್ರ. ಬೀಗ ಹಾಕಿ ಕೆಳಗಿಳಿದವಳು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಹತ್ತಿ ಹೋಗಿ ಎಳೆದು ನೋಡಿದಳು.

"ಹಿತ್ತಲಲ್ಲಿ ಹಳದಿ ಹೂವೂ ಬಿಟ್ಟಿದೆ ನೋಡು. ಅದನ್ನೂ ಕಿತ್ತು ಒಳಗಿಡು" ಎಂದಳು ಒಲೆಯ ಪಕ್ಕ ಕೂತಿದ್ದ ಅತ್ತೆ ಕ್ಲೆಮಾನ್ಸ್.

"ನಿಮಗೆ ತಮಾಷೆ, ಅತ್ತೆ."

"ಮತ್ತಿನ್ನೇನು? ಕಾಫಿ ಚೆಲ್ಲಿದ್ದು ನಾನು, ಬೈಸಿಕೊಂಡಿದ್ದು ನೀನು."

ಅದು ನಿಜ. ಹೋದ ವರ್ಷ ಮುದುಕಿ ಹಾಸಿಗೆಯ ಮೇಲೆ ಕಾಫಿ ಚೆಲ್ಲಿದ್ದಳು. ಫಿಲೊಮೆನ್ ಓಟದ ನೆನಪೇ ಇಲ್ಲದೆ ಹೊದಿಕೆ ತೊಳೆದು ರಸ್ತೆಯ ಕಡೆಯ ಕಿಟಕಿಗೆ ಒಣಹಾಕಿದ್ದಳು. ಓಟದ ರಸ್ತೆಯಲ್ಲಿ ಹಳದಿ ಎಂದರೆ ಮುಂದೆ ಅಪಾಯವಿದೆ ಎಂದರ್ಥ. ಎಲ್ಲರಿಗಿಂತ ಮುಂದಿದ್ದವನು ಅದನ್ನು ಕಂಡು ವೇಗ ತಗ್ಗಿಸಿದ, ಹಿಂದಿದ್ದವನು ದಾಟಿ ಹೋದ, ಗೆಲುವು ಕೈತಪ್ಪಿತು. ಸಂಜೆ ಓಟದ ಮೇಲ್ವಿಚಾರಕ ದೆಲ್ವೊ ಮನೆ ಬಾಗಿಲಿಗೇ ಬಂದು ಕೂಗಾಡಿದ. ಇನ್ನೊಮ್ಮೆ ಹೀಗಾದರೆ ಉರ್ಬೇನ್‌ನ ತೋಳುಪಟ್ಟಿ ಕಿತ್ತುಕೊಳ್ಳುತ್ತೇನೆ ಎಂದ. ಉರ್ಬೇನ್ ಅವಳ ಗಂಡ, ಮನೆಯ ಮುಂದಿನ ತಿರುವಿನಲ್ಲಿ ಬಾವುಟ ಬೀಸಿ ಡ್ರೈವರುಗಳಿಗೆ ಎಚ್ಚರಿಕೆ ಕೊಡುವವನು. ಅವನಿಗಿಂತ ಮುಂಚೆ ಅವನ ಅಪ್ಪ ಅದೇ ತೋಳುಪಟ್ಟಿ ಕಟ್ಟಿದ್ದ. ವರ್ಷವಿಡೀ ಬ್ರೆಡ್ ಅಂಗಡಿಯಲ್ಲಿ ಹೆಂಗಸರು "ಏನಮ್ಮ, ಇವತ್ತು ಏನು ಒಣಹಾಕಿದ್ದೀಯ?" ಎಂದು ಕೇಳಿ ನಗುತ್ತಿದ್ದರು.

ಮಾಲ್ಮೆದಿ ಊರಿನಿಂದ ಸ್ತಾವ್ಲೊ ಊರಿಗೆ ಹೋಗುವ ರಸ್ತೆ ಅವರ ಗೋಡೆಗೆ ಅಂಟಿಕೊಂಡೇ ತಿರುಗುತ್ತದೆ. ಉಳಿದ ದಿನ ಅಲ್ಲಿ ಹಾಲಿನ ಗಾಡಿ, ಅಂಚೆಯವನ ಸೈಕಲ್ಲು. ಓಟದ ದಿನ ಮಾತ್ರ ಮುಂಬಾಗಿಲು ತೆಗೆಯುವಂತಿಲ್ಲ, ತೆಗೆದರೆ ಸಾವು. ಎದೆಗಾರಿಕೆ ಇದ್ದವರು ಈ ತಿರುವಿನಲ್ಲಿ ವೇಗ ತಗ್ಗಿಸುವುದಿಲ್ಲ.

"ಓಟ ಮೊದಲ ಸಲ ನಡೆದಾಗ ಒಂದೊಂದು ಕಾರಲ್ಲಿ ಇಬ್ಬಿಬ್ಬರು ಕೂತಿರೋರು" ಎಂದು ಕ್ಲೆಮಾನ್ಸ್ ಪ್ರತಿ ವರ್ಷದಂತೆ ಶುರುಮಾಡಿದಳು. "ಒಬ್ಬ ಓಡಿಸೋಕೆ, ಒಬ್ಬ ಎಣ್ಣೆ ಪಂಪ್ ಹೊಡೆಯೋಕೆ. ಏನು ಧೂಳು ಅಂತೀಯ! ಕಿಟಕಿಗೆ ಒದ್ದೆ ದುಪ್ಪಟಿ ಕಟ್ತಿದ್ವಿ. ಆದ್ರೂ ಮುಖ ಕಾಣೋದು. ಆ ವಾಲ್‌ನಟ್ ಮರಕ್ಕೆ ಗುದ್ದಿದನಲ್ಲ, ಅವನು ಅದಕ್ಕೆ ಸ್ವಲ್ಪ ಮುಂಚೆ ನನಗೆ ಕೈ ಬೀಸಿದ್ದ. ಈಗ ತಾರು ಹಾಕಿದ್ದಾರೆ. ಮುಖ ಎಲ್ಲಿ ಕಾಣುತ್ತೆ? ಬರೀ ಸದ್ದು."

"ಸಾಕು ಅತ್ತೆ."

ಮರಕ್ಕೆ ಗುದ್ದಿದವನ ಕಥೆ ಕೇಳಿದಾಗಲೆಲ್ಲ ಫಿಲೊಮೆನ್‌ಗೆ ತಮ್ಮ ಗೋಡೆಯೇ ನೆನಪಾಗುತ್ತಿತ್ತು. ನಿನ್ನೆ ಊಟಕ್ಕೆ ಕೂತಾಗ ಅವಳು ಗಂಡನನ್ನು ಕಾಡಿದ್ದಳು. "ತಿರುವು ದಾಟಿದ ಮೇಲೆ ಗೋಡೆ ಬರೀ ಬೋಳಾಗಿದೆ. ಯಾರಾದ್ರೂ ಗುದ್ದಿದರೆ ತಡೆಯೋಕೆ ಇನ್ನೆರಡು ಹುಲ್ಲಿನ ಹೊರೆ ಇಡು."

"ಇಟ್ಟಿರೋದೇ ಸಾಲದಾ? ಕಾರಿನವರು ನಿನ್ನ ಅಡುಗೆಮನೆಗೆ ಬಂದು ಹಣ್ಣಿನ ಟಾರ್ಟ್ ತಿನ್ನಲ್ಲ, ಬಿಡು" ಎಂದು ನಕ್ಕ ಉರ್ಬೇನ್. ಆಮೇಲೆ ಗಂಭೀರವಾಗಿ, "ಈ ಸಲ ಡ್ರೈವರುಗಳಿಗೆಲ್ಲ ಹೇಳಿಬಿಟ್ಟಿದ್ದಾರೆ. ಆ ಮನೆ ಕಿಟಕೀಲಿ ಹಳದಿ ಕಂಡ್ರೆ ಹೆಂಗಸರ ಬಟ್ಟೆ ಅಂದ್ಕೊಳ್ಳಿ, ಲೆಕ್ಕಕ್ಕೆ ತಗೋಬೇಡಿ ಅಂತ" ಎಂದ. ಆದರೂ ಎದ್ದುಹೋಗಿ ಎರಡು ಹೊರೆ ಹೊತ್ತು ತಂದು ಗೋಡೆಗೆ ಒತ್ತಿ ಇಟ್ಟ. ಒಂದು ಹೊರೆಯ ಮೂಲೆ ಚರಂಡಿಯ ಬಾಯಿಯ ಮೇಲೆ ಕೂತಂತೆ ಅವಳಿಗೆ ಕಂಡಿತು. ಹೇಳಬೇಕೆಂದುಕೊಂಡಳು. ಅಷ್ಟು ಕಾಡಿ ಇಡಿಸಿ, ಇನ್ನು ಅಲ್ಲಿ ಬೇಡ ಇಲ್ಲಿ ಎಂದರೆ ಏನೆಂದುಕೊಂಡಾನೋ ಎಂದು ಸುಮ್ಮನಾದಳು.

ಮಧ್ಯಾಹ್ನ ಓಟ ಶುರುವಾಯಿತು. ಮೊದಲು ಸದ್ದು, ಆಮೇಲೆ ನಡುಗುವ ಗಾಜು, ಆಮೇಲೆ ಗೋಡೆಯ ಮೇಲಿನ ಶಿಲುಬೆ ಮೊಳೆಯಲ್ಲಿ ಅಲ್ಲಾಡುವುದು. ಹೋದ ಕಾರು ಇಡೀ ಕಣಿವೆ ಸುತ್ತಿ ಮತ್ತೆ ಬರಲು ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಹಕ್ಕಿಗಳ ದನಿ ಕೇಳುತ್ತಿತ್ತು.

ಅಂಥದೊಂದು ಬಿಡುವಿನಲ್ಲಿ ದೂರದ ಗುಡುಗು ಕೇಳಿ ಫಿಲೊಮೆನ್ ಮಹಡಿ ಹತ್ತಿದಳು. ಮನೆಯ ಮೇಲೆ ಬಿಸಿಲಿತ್ತು. ಸ್ತಾವ್ಲೊ ಕಡೆಯ ಗುಡ್ಡ ಮಾತ್ರ ಮಳೆಯಲ್ಲಿ ಮಸುಕಾಗಿತ್ತು. ಈ ಸೀಮೆಯಲ್ಲಿ ಅದೇನು ಹೊಸದಲ್ಲ. ಮೂಲೆಯ ಕಿಟಕಿಯಿಂದ ಕೆಳಗೆ ನೋಡಿದಳು. ಗುಡ್ಡದ ನೀರು ಹುಲ್ಲುಗಾವಲಿನ ಚರಂಡಿಯಲ್ಲಿ ಕೆಂಪಗೆ ಬಂದು, ಹೊರೆಗಳಿಗೆ ತಡೆದು, ಉಬ್ಬಿ, ಮೆಲ್ಲಗೆ ರಸ್ತೆಗೆ ಹರಿಯುತ್ತಿತ್ತು. ತಿರುವು ದಾಟಿದ ತಕ್ಷಣದ ಜಾಗ. ಮಾಲ್ಮೆದಿಯ ಕಡೆಯಿಂದ ಬರುವವರಿಗೂ, ತಿರುವಿನ ಇತ್ತ ನಿಂತ ಉರ್ಬೇನ್‌ಗೂ ಅದು ಕಾಣುವುದೇ ಇಲ್ಲ.

ತಾನು ಕೇಳಿ ಇಡಿಸಿದ ಹೊರೆಗಳು. ನೀರೇ ಅದು, ಅಥವಾ ಮೋಡದ ನೆರಳೋ? ಕಣ್ಣುಜ್ಜಿ ನೋಡಿದಳು. ನೆರಳಿನ ಮೇಲೆ ಹುಲ್ಲುಕಡ್ಡಿ ತೇಲುವುದಿಲ್ಲ.

"ಅತ್ತೆ! ರಸ್ತೆಗೆ ನೀರು ಬಂದಿದೆ!"

"ಎಷ್ಟು?" ಕೆಳಗಿನಿಂದ ದನಿ ಬಂತು.

"ರಸ್ತೆಯಗಲ!"

"ಉರ್ಬೇನ್‌ಗೆ ಹೇಳು!"

"ಹೇಗೆ ಹೇಳಲಿ? ಹಿತ್ತಲಿಂದ ಬಳಸಿ ಹೋಗೋಷ್ಟರಲ್ಲಿ ಬಂದೇಬಿಡ್ತಾರೆ!"

"ಹಂಗಾದ್ರೆ ಬೀರು ತೆಗಿಯೇ" ಎಂದಳು ಮುದುಕಿ. ಈಗ ಆ ದನಿಯಲ್ಲಿ ತಮಾಷೆ ಇರಲಿಲ್ಲ.

ಬೀಗದ ಕೈ ಏಪ್ರನ್‌ನ ಜೇಬಿನಲ್ಲೇ ಇತ್ತು. ಬೀಗ ತೆರೆದು, ಹೊದಿಕೆ ಎಳೆದು ತಂದು ಕಿಟಕಿಗೆ ಇಳಿಬಿಟ್ಟಾಗಲೇ ಉರ್ಬೇನ್‌ನ ಮಾತು ನೆನಪಾಯಿತು. ಈ ಹಳದಿಯನ್ನು ಯಾರೂ ನಂಬುವುದಿಲ್ಲ. ತನ್ನಿಂದಾಗಿಯೇ ನಂಬುವುದಿಲ್ಲ. ಇದಕ್ಕೊಂದು ಅರ್ಥ ಕಂಡರೆ ಅದು ಒಬ್ಬನಿಗೆ ಮಾತ್ರ. ಅವನು ರಸ್ತೆಯ ಆಚೆ ಬದಿಯಲ್ಲಿ, ಬಾವುಟಗಳನ್ನು ಕಂಕುಳಲ್ಲಿಟ್ಟು, ಮನೆಗೆ ಬೆನ್ನು ಹಾಕಿ ಮಾಲ್ಮೆದಿಯ ಕಡೆ ನೋಡುತ್ತ ನಿಂತಿದ್ದ.

"ಉರ್ಬೇನ್!"

ಕಣಿವೆಯ ಆ ತುದಿಯಲ್ಲಿ ಆಗಲೇ ಜೇನುಹುಳುಗಳಂತೆ ಕಾರುಗಳ ಗುಂಯ್‌ಗುಡುವಿಕೆ ಎದ್ದಿತ್ತು. ಅದು ಬೆಳೆಯಿತು. ಅವನಿಗೆ ಕೇಳಲಿಲ್ಲ. ಫಿಲೊಮೆನ್ ಬಲಗಾಲಿನ ಮರದ ಮೆಟ್ಟು ಕಳಚಿ ಕೈಗೆತ್ತಿಕೊಂಡಳು. ರಸ್ತೆಯ ಮೇಲೆ ಬಿದ್ದರೆ? ಚಕ್ರಕ್ಕೆ ಸಿಕ್ಕರೆ? ಅದಕ್ಕೂ ನಾನೇ ಕಾರಣ. ಹುಟ್ಟಿದಾಗಿನಿಂದ ಅವಳು ಯಾವುದನ್ನೂ ಸರಿಯಾಗಿ ಗುರಿ ಇಟ್ಟು ಎಸೆದವಳಲ್ಲ. ಕಣ್ಣು ತೆರೆದೇ ಎಸೆದಳು.

ಮೆಟ್ಟು ರಸ್ತೆ ದಾಟಿ, ಅವನ ಕಾಲಬಳಿಯ ಮರಳಿನ ಬಕೆಟ್ಟಿಗೆ ಬಡಿಯಿತು. ಅವನು ಬೆಚ್ಚಿ ತಿರುಗಿದ. ಹೊದಿಕೆ ಕಂಡ. ಅವನ ಮುಖ ಕೆಂಪೇರುವುದು ಇಲ್ಲಿಂದಲೇ ಕಾಣುತ್ತಿತ್ತು. ಒಳಗೆ ತೆಗಿ ಎಂದು ಮುಷ್ಟಿ ಆಡಿಸಿದ. ಅವಳು ತಲೆ ಅಡ್ಡ ಆಡಿಸಿದಳು. ತಿರುವಿನಾಚೆ ಕೈ ತೋರಿದಳು. ಅವನು ಮತ್ತೆ ಮುಷ್ಟಿ ಎತ್ತಿದ. ಅವಳು ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಅತ್ತುಕೊಂಡೇ, ಬೀಸಿದಳು.

ಅವನ ಮುಷ್ಟಿ ಅರ್ಧಕ್ಕೇ ನಿಂತಿತು. ಅವಳನ್ನೇ ನೋಡಿದ. ಆಮೇಲೆ ಬೆನ್ನು ತಿರುಗಿಸಿ ಹಳದಿ ಬಾವುಟ ಬಿಚ್ಚಿ ತೋಳೆತ್ತಿ ಬೀಸತೊಡಗಿದ.

ಫಿಲೊಮೆನ್ ಕಣ್ಣು ಮುಚ್ಚಿದಳು. ವೇಗ ತಗ್ಗಿಸಿದರೋ ಇಲ್ಲವೋ ಎಂಬುದು ಈ ಮನೆಯವರಿಗೆ ಸದ್ದಿನಲ್ಲೇ ಗೊತ್ತಾಗುತ್ತದೆ. ಸದ್ದು ಏರಿತು, ಏರುತ್ತಲೇ ಹೋಯಿತು, ಇನ್ನು ಮುಗಿಯಿತು ಎನ್ನುವಾಗ ಮುರಿದು ತಗ್ಗಿತು. ಒಂದು ಕಾರು. ಕೆಸರುನೀರು ಮೇಲೆದ್ದು ಕಿಟಕಿಗೆ ಹೊಡೆಯಿತು. ಎರಡು. ಮೂರನೆಯದರ ಸದ್ದು ತಡವಾಗಿ ಮುರಿಯಿತು. ಟೈರು ಕಿರುಚಿತು, ಮನೆಯ ಗೋಡೆ ದಿಮ್ಮೆಂದಿತು.

ಕಣ್ಣು ತೆರೆದಾಗ ಒಂದು ಹಸಿರು ಕಾರು ಹಿಂದುಮುಂದಾಗಿ ಹುಲ್ಲುಗಾವಲಿನಲ್ಲಿ ನಿಂತಿತ್ತು. ಎರಡೂ ಹೊರೆಗಳು ಚಿಂದಿಯಾಗಿದ್ದವು, ಚರಂಡಿಯ ಬಾಯಿ ತೆರೆದು ನೀರು ಗೊಳಗೊಳನೆ ಇಳಿಯುತ್ತಿತ್ತು. ಕಾರಿನವನು ಇಳಿದು, ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು, ಶಿರಸ್ತ್ರಾಣ ತೆಗೆದು ತನ್ನ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಇನ್ನೂ ಹುಡುಗನಂಥ ಮುಖ. ಹೊರೆ ಇರದಿದ್ದರೆ ನೀರೇ ಇರುತ್ತಿರಲಿಲ್ಲ. ಹೊರೆ ಇರದಿದ್ದರೆ ಅವನು ಗೋಡೆಗೇ ಗುದ್ದುತ್ತಿದ್ದ. ಇವೆರಡರಲ್ಲಿ ಯಾವುದನ್ನು ಹಿಡಿಯಬೇಕೋ ಅವಳಿಗೆ ತಿಳಿಯಲಿಲ್ಲ.

ದೆಲ್ವೊ ಜೀಪಿನಲ್ಲಿ ಬಂದ. "ಮತ್ತೆ ಆ ಬಟ್ಟೆ! ಯಾರು ಹಾಕಿದ್ದು?" ಎಂದು ಕಿಟಕಿಯ ಕಡೆ ಬೆರಳೆತ್ತಿದ.

"ಬಾವುಟ ಬೀಸಿದ್ದು ನಾನು" ಎಂದ ಉರ್ಬೇನ್. ತೋಳುಪಟ್ಟಿಯ ಗಂಟಿಗೆ ಕೈ ಹಾಕಿ, "ಇದು ಬೇಕಿದ್ರೆ ಸಂಜೆ ತಗೊಳ್ಳಿ. ಈಗ ದಾರಿ ಬಿಡಿ, ಮತ್ತೆ ಬರ್ತಿದ್ದಾರೆ" ಎಂದ.

"ಬದುಕಿದ್ದಾನೇನೇ?" ಕೆಳಗಿನಿಂದ ಮುದುಕಿ ಕೂಗಿದಳು.

"ಬದುಕಿದ್ದಾನೆ ಅತ್ತೆ."

"ಹಂಗಾದ್ರೆ ಅವನಿಗೂ ಕಾಫಿ ಇಡ್ತೀನಿ. ಈ ಸಲ ಚೆಲ್ಲಲ್ಲ."

ಕಣಿವೆಯ ತುದಿಯಲ್ಲಿ ಮತ್ತೆ ಗುಂಯ್‌ಗುಡುವಿಕೆ ಶುರುವಾಯಿತು. ಫಿಲೊಮೆನ್ ಒಂದು ಕಾಲಿಗೆ ಮೆಟ್ಟಿಲ್ಲದೆ ಕಿಟಕಿಯಲ್ಲಿ ನಿಂತಿದ್ದಳು. ಕೆಸರಾದ ಹೊದಿಕೆಯನ್ನು ಒಳಗೆಳೆಯುವುದೋ ಬಿಡುವುದೋ ಗೊತ್ತಾಗಲಿಲ್ಲ. ನೀರು ಇಳಿದಿದೆಯೇ? ಪೂರಾ ಇಳಿದಿದೆಯೇ? ಆಗ ಉರ್ಬೇನ್, ಮಾಲ್ಮೆದಿಯ ಕಡೆ ನೋಡುವ ಮೊದಲು, ತಿರುಗಿ ಅವಳ ಕಡೆ ನೋಡಿದ. ಹುಬ್ಬೇರಿಸಿ, ಬೀಸಲೋ ಬೇಡವೋ ಹೇಳು ಎನ್ನುವಂತೆ ಕಾದ.

ಅವಳಿಗೆ ಇಡೀ ದಿನದಲ್ಲಿ ಅಷ್ಟು ಹೆದರಿಕೆ ಆಗಿರಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಚಾಚಿ, ರಸ್ತೆಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ನೋಡತೊಡಗಿದಳು.