ಮಂಡಿಯೂರುವ ಮಣೆ

ಪ್ರತಿ ಶನಿವಾರ ನಾಲ್ಕು ಗಂಟೆಗೆ ಆ ಮಣೆ ಕಿರುಗುಟ್ಟುತ್ತದೆ. ಚರ್ಚಿನ ಪಾಪನಿವೇದನೆಯ ಗೂಡಿನಲ್ಲಿ, ಎಡಗಡೆಯ ಪರದೆಯ ಹಿಂದೆ. ಚಿಕ್ಕ ಮಕ್ಕಳ ಬಾಯಿ ಪಾದ್ರಿಗಳು ಆಚೆ ಕೂತು ಕೇಳುವ ಜಾಲರಿಗೆ ಎಟುಕುವುದಿಲ್ಲವೆಂದು ನಮ್ಮಪ್ಪ ಹಳೆಯ ಚಹಾ ಪೆಟ್ಟಿಗೆ ಒಡೆದು ಮಾಡಿಕೊಟ್ಟದ್ದು. ಅದರ ಮೇಲೆ ಮಂಡಿಯೂರಬೇಕು. ಮಣೆಯ ಒಂದು ಕಾಲು ಮೊದಲಿನಿಂದಲೂ ಗಿಡ್ಡ. ಈಗ ಗೂಡಿಗೆ ಮಕ್ಕಳು ಬರುವುದೇ ಇಲ್ಲ. ಸದ್ದು ಕೇಳಿ ಪರದೆ ಸರಿಸಿದರೆ ಖಾಲಿ. ಚರ್ಚಿನಲ್ಲಿ ನಾನು ಒರೆಸದ ವಸ್ತು ಅದೊಂದೇ. ಅದರ ಮೇಲಿನ ಧೂಳೂ ಕದಲಿರುವುದಿಲ್ಲ.

ನಲವತ್ತೊಂದು ವರ್ಷದ ಹಿಂದೆ, ಮಕ್ಕಳು ಮೊದಲ ಸಲ ಪರಮಪ್ರಸಾದ ಪಡೆಯುವ ಹಿಂದಿನ ದಿನ, ಶನಿವಾರ ನಾಲ್ಕಕ್ಕೆ, ನಾನು ಗೂಡಿನ ಪಕ್ಕ ನೆಲಕ್ಕೆ ಅಂಟಿದ ಮೇಣ ಕೆರೆಯುತ್ತಿದ್ದೆ. ಏಳು ವರ್ಷದ ನೆಸ್ಸಾ ಒಳಗೆ ಹೋದಳು. ಆ ವಯಸ್ಸಿನವರಿಗೆ ಪಿಸುಗುಡಲು ಬರುವುದಿಲ್ಲ.

“ಆರ್ಗನ್ ಮಾಸ್ತರು ಮಾಡಿದ್ದನ್ನ ಯಾರಿಗೂ ಹೇಳ್ಬಾರ್ದಂತೆ ಫಾದರ್. ಫ್ರಾಕಿನ ಗುಂಡಿ ಎಲ್ಲೇ ಅಂತ ಅಮ್ಮ ಕೇಳಿದ್ಳು. ಆಡೋವಾಗ ಬಿತ್ತು ಅಂದೆ. ಸುಳ್ಳು ಹೇಳಿದ್ದು ಪಾಪ ಅಲ್ವಾ?”

ಜಾಲರಿಯಾಚೆಯಿಂದ ಆಗಿನ ಪಾದ್ರಿ ಫಾದರ್ ಗಿಲ್ಸೆನನ್ ಅವರ ದನಿ: “ಮೂರು ನಮೋ ಮರಿಯಾ ಜಪ ಹೇಳು ಮಗು. ಇನ್ನು ಸುಳ್ಳು ಹೇಳ್ಬೇಡ.”

ಅವಳು ಹೊರಗೆ ಬಂದು ಬೆರಳು ಮಡಚಿ ಮಡಚಿ ಮೂರು ಹೇಳಿದಳು. ನಾನು ತಲೆ ಎತ್ತಲಿಲ್ಲ. ಗೂಡಿನ ಮಾತನ್ನು ಪಾದ್ರಿಗಳು ಯಾರಿಗೂ ಹೇಳುವಂತಿಲ್ಲ; ಅಕಸ್ಮಾತ್ ಕಿವಿಗೆ ಬಿದ್ದರೂ ಕೇಳಿಸಿಕೊಂಡವರ ಬಾಯಿಗೂ ಅದೇ ಬೀಗ. ಚಿಕ್ಕಂದಿನಲ್ಲಿ ಜಪದ ಜೊತೆಗೇ ಕಲಿಸಿದ್ದು ಅದು.

ಹದಿನೆಂಟಕ್ಕೆ ನೆಸ್ಸಾ ಲಿವರ್‌ಪೂಲಿನ ಹಡಗು ಹತ್ತಿದಳು. ಇಪ್ಪತ್ತೆರಡಕ್ಕೆ ಶವಪೆಟ್ಟಿಗೆಯಲ್ಲಿ ಹಿಂತಿರುಗಿದಳು. ಅವಳ ಶವಸಂಸ್ಕಾರದ ಪೂಜೆಗೆ ಆರ್ಗನ್ ನುಡಿಸಿದ್ದು ಅದೇ ಲವೆಲ್ ಮಾಸ್ತರು. ಮಣೆ ಕಿರುಗುಟ್ಟತೊಡಗಿದ್ದು ಆ ವಾರದಿಂದ.

ಮಾಸ್ತರಿಗೆ ಈಗ ಎಪ್ಪತ್ತೈದು. ಮನೆಯಲ್ಲೇ ಪಿಯಾನೋ ಕಲಿಸುತ್ತಾರೆ. ನಾನು ಅಡುಗೆ ಮಾಡುವ ಪಾದ್ರಿಗಳ ಮನೆಯ ಕಿಟಕಿಗೆ ಮಾಸ್ತರ ಗೇಟು ನೇರ ಕಾಣುತ್ತದೆ. ಈ ವಸಂತದಲ್ಲಿ ಬ್ರೆಡ್ ಅಂಗಡಿಯ ಬ್ರಿಜೀ ತನ್ನ ಮೊಮ್ಮಗಳು ಕೇವಾಳನ್ನು ಅಲ್ಲಿಗೆ ಸೇರಿಸಿದಳು. ಮೊದಲ ವಾರ ಮಗು ಕುಣಿಯುತ್ತ ಹೋಯಿತು. ನಾಲ್ಕನೆಯ ವಾರ ಗೇಟಿನ ಕಂಬ ತಬ್ಬಿ ನಿಂತಿತು. ಬ್ರಿಜೀ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಅದೇ ವಾರ ಚರ್ಚಿನ ಬಾಗಿಲಿಗೆ ನೋಟೀಸು ಬಂತು. ಅರವತ್ತು ದಾಟಿದ ಮೇಲೆ ಸಂಜೆ ಶಾಲೆಯಲ್ಲಿ ಓದು ಕಲಿತವಳು ನಾನು, ಬೆರಳಿಟ್ಟು ಓದಿದೆ. ಮಗುವಿಗೆ ಕೇಡಾಗುತ್ತಿದೆಯೆಂದು ತಿಳಿದರೆ ಪಾದ್ರಿಗಳೂ ಸರ್ಕಾರಕ್ಕೆ ತಿಳಿಸಲೇಬೇಕು, ಕಾನೂನು.

“ಬೇಗ ಓದೇ ಅಟ್ರಾಕ್ಟಾ, ಕ್ರಿಸ್ಮಸ್ ಬಂದ್‌ಬಿಡುತ್ತೆ,” ಎಂದಳು ಹಿಂದೆ ನಿಂತಿದ್ದ ಬ್ರಿಜೀ.

“ಕೇವಾ ಯಾಕೆ ಅಳ್ತಿದ್ಲು?”

“ಸೋಮಾರಿತನ. ಬೆರಳು ನೋಯುತ್ತಂತೆ ಮಹಾರಾಣಿಗೆ!”

ಶನಿವಾರ ನಾಲ್ಕಕ್ಕೆ ನಾನೇ ಎಡಗಡೆಯ ಪರದೆಯೊಳಗೆ ಹೋಗಿ ಮಣೆಯ ಪಕ್ಕ ಮಂಡಿಯೂರಿದೆ.

“ಫಾದರ್, ನಲವತ್ತೊಂದು ವರ್ಷದ ಹಿಂದೆ ಇದೇ ಗೂಡಲ್ಲಿ...”

ಈಗಿನ ಪಾದ್ರಿ ಫಾದರ್ ಎಮೇಕಾ, ನೈಜೀರಿಯಾದವರು. ನನ್ನನ್ನು ಆಂಟಿ ಎನ್ನುತ್ತಾರೆ. “ನಿಲ್ಸಿ ಆಂಟಿ. ಇದು ಮಗುವಿನ ವಿಷಯವಾ? ಆ ನೋಟೀಸಿನದು?”

“ಹೂಂ.”

“ಹಾಗಾದ್ರೆ ಎದ್ದು ಹೊರಗೆ ಬನ್ನಿ. ಇಲ್ಲಿ ಹೇಳಿದ್ರೆ ನಾನು ಸಾಯೋವರೆಗೂ ಬಾಯಿ ಬಿಡೋ ಹಾಗಿಲ್ಲ. ಅಡುಗೆಮನೇಲಿ ಹೇಳಿ. ಅಲ್ಲಿ ಫೋನಿದೆ.”

ಅಡುಗೆಮನೆಯಲ್ಲಿ ಕೆಟಲ್ ಇಟ್ಟೆ. “ನಿಮ್ಮ ಚಹಾ ಕುಡಿದ್ರೆ ಸತ್ತೋರೂ ಎದ್ದು ಕೂರ್ತಾರೆ,” ಎಂದರು ಫಾದರ್, ದಿನದ ಹಾಗೆ. ನನಗೆ ನಗು ಬರಲಿಲ್ಲ.

“ನಾನು ಕೇಳಿದ್ದು ಗೂಡಿನ ಮಾತು ಫಾದರ್. ಹೇಳಿದ್ರೆ ನರಕ.”

“ಹಾಗಿದ್ರೆ ಅದನ್ನ ಹೇಳ್ಬೇಡಿ. ಕಿವಿ ಬಿಡಿ. ಕಣ್ಣು ಏನು ನೋಡಿತು?”

ಕೇವಾ ಕಂಬ ತಬ್ಬಿದ್ದನ್ನು ಹೇಳಿದೆ. ಬರೆದುಕೊಂಡರು. “ಬೇರೆ?”

ಬಾಯಿ ತಾನಾಗಿ ತೆರೆಯಿತು. ನೆಸ್ಸಾ ಗೂಡಿಗೆ ಬಂದ ಆ ಶನಿವಾರಕ್ಕೂ ಮುಂಚೆ, ಮೇಲೆ ಆರ್ಗನ್ನಿನ ಅಟ್ಟ ಗುಡಿಸುವಾಗ, ಬೆಂಚಿನ ಹಿಂದೆ ಒಂದು ಗುಂಡಿ ಸಿಕ್ಕಿತ್ತು. ಬಾತುಕೋಳಿಯ ಆಕಾರದ ಹಳದಿ ಗುಂಡಿ, ನೆಸ್ಸಾಳ ಫ್ರಾಕಿನಲ್ಲಿದ್ದಂಥದು. ಅದೇ ದಿನ ನೆಸ್ಸಾ ಅಟ್ಟದ ಮೆಟ್ಟಿಲ ಮೇಲೆ ಶೂ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದಳು. ಗುಡಿಸಬೇಕು ಏಳೇ ಎಂದು ನಾನೇ ಅವಳನ್ನು ಎಬ್ಬಿಸಿದ್ದೆ.

ಫಾದರ್ ಪೆನ್ನು ನಿಲ್ಲಿಸಿದರು. ಹೇಳಿದ ಮೇಲೆ ನನಗೇ ತಿಳಿಯಿತು. ಗುಂಡಿಗೆ ಯಾವ ಬೀಗವೂ ಇರಲಿಲ್ಲ. ಮೆಟ್ಟಿಲಿಗೂ ಇರಲಿಲ್ಲ. ಅವನ್ನು ಗೂಡಿನ ಹೊರಗೆ, ಹಾಡುಹಗಲಲ್ಲಿ, ನನ್ನ ಎರಡು ಕಣ್ಣಿಂದ ಕಂಡಿದ್ದೆ. ಇಷ್ಟು ವರ್ಷ ದೇವರ ಬೀಗವೆಂದುಕೊಂಡು ಕಾದದ್ದು ನಾನೇ ಹಾಕಿಕೊಂಡದ್ದು.

ಅವರು ಫೋನ್ ಮಾಡಿದರು. ಕತ್ತಲಾಗುವ ಮೊದಲೇ ಪೊಲೀಸ್ ಹೆಣ್ಣುಮಗಳೊಬ್ಬಳು ಬಂದಳು. ಚರ್ಚಿನ ಕಳೆದ ವಸ್ತುಗಳ ಡ್ರಾಯರಿನಲ್ಲಿ, ಒಂಟಿ ಕೈಗವಸುಗಳ ಅಡಿಯಲ್ಲಿ, ಅಂದು ನಾನೇ ಹಾಕಿಟ್ಟ ಗುಂಡಿ ಹಾಗೇ ಇತ್ತು. ಅವಳು ಬರೆದ ಮೂರು ಪುಟವನ್ನೂ ಬೆರಳಿಟ್ಟು ಓದಿ ಪೂರ್ತಿ ಹೆಸರು ಬರೆದೆ. ಅವಳು ಅವಸರ ಮಾಡಲಿಲ್ಲ.

ಕೇವಾ ಈಗ ಆ ಗೇಟಿಗೆ ಹೋಗುವುದಿಲ್ಲ. ಬ್ರಿಜೀ ನನಗೆ ಬ್ರೆಡ್ ಕೊಡುವುದಿಲ್ಲ. ಮುಖ ಕಂಡರೆ ಒಳಗೆ ಹೋಗುತ್ತಾಳೆ.

ಈ ಶನಿವಾರ ನಾಲ್ಕಕ್ಕೆ ಮಣೆ ಮತ್ತೆ ಕಿರುಗುಟ್ಟಿತು. ನಾನು ಪರದೆ ಸರಿಸಲಿಲ್ಲ. ಒರೆಸುವ ಬಟ್ಟೆ ಕೆಳಗಿಟ್ಟು ಪಕ್ಕದ ಬೆಂಚಿನಲ್ಲಿ ಕೂತೆ.

“ಹೇಳು ಮಗು,” ಎಂದೆ.